ಅನುಬಂಧದಲ್ಲಿ ಕುಳಿತ ಸಾರಥಿ

ದೊಡ್ಡಾಟದ ಮೇಲೆ ಬರೆದ ಪದವಿ ಕಿರುಪ್ರಬಂಧವೊಂದು ಈಚೆಗೆ ನಮ್ಮ ಕಡೆ ಕೈಯಿಂದ ಕೈಗೆ ಓಡಾಡಿತು. ಪ್ರದರ್ಶಕ ಕಲೆಗಳ ಪದವಿಯ ಕೊನೆಯ ವರ್ಷದಲ್ಲಿದ್ದ ಹುಡುಗನೊಬ್ಬ ಹಾನಗಲ್ ತಾಲೂಕಿನ ಒಂದು ಹಳ್ಳಿಯ ತಾಲೀಮು ನೋಡಿ ಬರೆದದ್ದು. ಓದಿದ ಅಧ್ಯಾಪಕರು ಇದನ್ನು ಮಾದರಿ ಎಂದರು, ಮುಂದಿನ ವರ್ಷದ ಮಕ್ಕಳಿಗೆ ಇದನ್ನೇ ತೋರಿಸಬೇಕು ಎಂದರು. ನಾನು ಎರಡು ಸಲ ಓದಿದೆ. ಅವರು ಹೊಗಳಿದ್ದು ಮೊದಲ ಮೂರು ಅಧ್ಯಾಯಗಳನ್ನು. ನನ್ನನ್ನು ಹಿಡಿದು ಕೂರಿಸಿದ್ದು ಕಟ್ಟಕಡೆಯ ಅನುಬಂಧದ ನಾಲ್ಕು ಪುಟ. ಹುಡುಗನ ಹೆಸರಾಗಲಿ ಕಾಲೇಜಿನ ಹೆಸರಾಗಲಿ ಇಲ್ಲಿ ಬೇಡ. ಇದರ ತಪ್ಪುಗಳು ಅವನೊಬ್ಬನವಲ್ಲ, ನಾವೆಲ್ಲ ಸೇರಿ ಬೆಳೆಸಿದ ಪದ್ಧತಿಯವು.

ಆ ಪದ್ಧತಿ ಓದುಗರಿಗೆ ಗೊತ್ತಿದ್ದದ್ದೇ. ಪ್ರಮಾಣಪತ್ರ, ಅರಿಕೆ, ಪೀಠಿಕೆ, ಉಗಮ ಮತ್ತು ವಿಕಾಸ, ವೇಷಭೂಷಣ, ಕಲಾವಿದರ ಪರಿಚಯ, ಉಪಸಂಹಾರ. ಡಿಟಿಪಿ ಅಂಗಡಿಯಲ್ಲಿ ಒಂದು ರಾತ್ರಿ, ಕಪ್ಪು ರಟ್ಟಿನ ಮೇಲೆ ಬಂಗಾರದ ಅಕ್ಷರ, ಮೂರು ಪ್ರತಿ. 2021-22ರಲ್ಲಿ ಹೊಸ ಶಿಕ್ಷಣ ನೀತಿ ನಾಲ್ಕನೆಯ ವರ್ಷವನ್ನೂ ಅದರೊಂದಿಗೆ ಸಂಶೋಧನೆಯನ್ನೂ ಪದವಿ ತರಗತಿಗೆ ತಂದಿತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ನಾಲ್ಕನೆಯ ವರ್ಷ ಹೋದರೂ ಸಂಶೋಧನೆ ಎಂಬ ಮಾತಿಗೆ ಬಂದಿದ್ದ ತೂಕ ಇಳಿದಿಲ್ಲ.

ಈಗ ಆ ನಾಲ್ಕು ಪುಟಕ್ಕೆ ಬರುತ್ತೇನೆ. ದೊಡ್ಡಾಟದಲ್ಲಿ ರಾಜನ ಪ್ರವೇಶವೆಂದರೆ ಸಣ್ಣ ಕೆಲಸವಲ್ಲ. ಕಿರೀಟ, ಭುಜಕೀರ್ತಿ, ಎದೆಹಾರ ಕಟ್ಟಿಕೊಂಡು, ಮದ್ದಳೆಯ ಪೆಟ್ಟಿಗೆ ಅಟ್ಟ ಅದುರುವಂತೆ ಕುಣಿದು ಬಂದು ನಿಲ್ಲಬೇಕು. ಆಮೇಲೆ ಸಾರಥಿ ಅವನನ್ನು ಕೇಳುತ್ತಾನೆ: ನೀವು ಯಾರು, ಯಾವ ಪಟ್ಟಣದವರು, ಈ ಸಭೆಗೆ ಬಂದ ಕಾರಣವೇನು. ರಾಜ ತನ್ನ ಬಿರುದುಬಾವಲಿಗಳನ್ನೆಲ್ಲ ಹೇಳಿಕೊಳ್ಳುತ್ತಾನೆ. ಎರಡನೆಯ ಅಧ್ಯಾಯದಲ್ಲಿ ನಮ್ಮ ಹುಡುಗ ಸಾರಥಿಗೆ ಕೊಟ್ಟದ್ದು ಒಂದೇ ವಾಕ್ಯ: ವಿದೂಷಕನಂಥ ಹಾಸ್ಯಪಾತ್ರ. ಯಾವುದೋ ಪುಸ್ತಕದಿಂದ ಇಳಿದು ಬಂದ ಮಾತು. ಸುಳ್ಳೆಂದೇನೂ ಅಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ.

ಅನುಬಂಧದಲ್ಲಿ ಅದೇ ಹುಡುಗ ಪೇಟಿಯ ಪಕ್ಕದಲ್ಲಿ ನೆಲಕ್ಕೆ ಕೂತು ನೋಡುತ್ತಿದ್ದಾನೆ. ಸಾರಥಿಯ ಪಾತ್ರ ಹೊಸಬನದು. ರಾಜನ ಕೊನೆಯ ಹೆಜ್ಜೆ ನೆಲ ಮುಟ್ಟಿತೋ ಇಲ್ಲವೋ, ಇವನು ಪ್ರಶ್ನೆ ಹಾಕಿಬಿಡುತ್ತಾನೆ. ಮಾಸ್ತರು ತಾಳ ನಿಲ್ಲಿಸುತ್ತಾರೆ. ಮತ್ತೆ ಮೊದಲಿಂದ. ಮತ್ತೆ ಅದೇ ತಪ್ಪು. ಮೂರನೆಯ ಸಲಕ್ಕೆ ಮಾಸ್ತರು ಅಂದದ್ದನ್ನು ಹುಡುಗ ಇದ್ದ ಹಾಗೇ ಬರೆದುಕೊಂಡಿದ್ದಾನೆ: ‘ಏ ತಮ್ಮಾ, ಅವಂಗ ಉಸಿರ ತಗೊಳ್ಳಾಕ ಬಿಡೋ. ಆಮ್ಯಾಲ ಕೇಳು.’

ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚಿಕ್ಕಂದಿನಿಂದ ಆಟ ನೋಡಿದ್ದೇನೆ, ಸಾರಥಿಯ ಮಾತಿಗೆ ಊರೆಲ್ಲ ನಕ್ಕಾಗ ನಾನೂ ನಕ್ಕಿದ್ದೇನೆ. ಆ ಮಾತು ಕುಣಿದವನ ಎದೆ ಇಳಿಯುವುದಕ್ಕೆ ಕೊಟ್ಟ ಬಿಡುವು ಎಂದು ಎಂದೂ ಹೊಳೆದಿರಲಿಲ್ಲ. ಹುಡುಗ ಅಲ್ಲಿಗೇ ಬಿಟ್ಟಿಲ್ಲ. ಮಾರನೆಯ ರಾತ್ರಿ ಮತ್ತೆ ಹೋಗಿ ಎಣಿಸಿದ್ದಾನೆ. ಪ್ರವೇಶದ ಕುಣಿತ ಉದ್ದವಾದಾಗ ಸಾರಥಿ ತನ್ನ ಪ್ರಶ್ನೆಯನ್ನು ಎಳೆಯುತ್ತಾನೆ, ನಡುವೆ ಒಂದು ಚೇಷ್ಟೆ ಸೇರಿಸುತ್ತಾನೆ, ಸಭೆಯ ಕಡೆ ತಿರುಗಿ ಒಂದು ಮಾತು ಆಡುತ್ತಾನೆ. ಕುಣಿತ ಚಿಕ್ಕದಾದರೆ ಪ್ರಶ್ನೆಯೂ ಚಿಕ್ಕದು. ಎಂದರೆ ಸಾರಥಿಯ ಹಾಸ್ಯಕ್ಕೆ ಅಳತೆ ರಾಜನ ಉಸಿರು. ನಾನು ಓದಿದ ಯಾವ ಪುಸ್ತಕವೂ ನನಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗ ಹೇಳಿದ್ದಾನೆ, ಹೇಳಿ ಅನುಬಂಧದಲ್ಲಿ ಅಡಗಿಸಿಟ್ಟಿದ್ದಾನೆ. ಎರಡನೆಯ ಅಧ್ಯಾಯಕ್ಕೆ ಹಿಂತಿರುಗಿ ಆ ಒಂದು ವಾಕ್ಯವನ್ನು ಹೊಡೆದುಹಾಕುವ ಧೈರ್ಯ ಅವನಿಗೆ ಬರಲಿಲ್ಲ. ಬರುವಂತೆ ಯಾರೂ ಕಲಿಸಿರಲಿಲ್ಲ.

ಇನ್ನೊಂದು ಸಂಗತಿ, ಮಾಸ್ತರರ ಕೈಬರಹದ ಪುಸ್ತಕ. ಅದರಲ್ಲಿ ಪದಗಳನ್ನು ಪೂರ್ತಿ ಬರೆದಿದೆ, ಮಾತುಗಳಿಗೆ ಮೊದಲ ಎರಡು ಶಬ್ದ ಮಾತ್ರ. ಉಳಿದದ್ದು ಬಾಯಲ್ಲಿ. ಒಂದು ಪುಟವನ್ನು ಹುಡುಗ ಅನುಬಂಧದಲ್ಲಿ ಇದ್ದಂತೆ ನಕಲು ಮಾಡಿದ್ದಾನೆ: ‘ಭೂಪಾಲ’ ಎಂಬುದು ‘ಬೂಪಾಲ’ ಆಗಿದೆ, ಎಳೆದು ಹಾಡುವಲ್ಲಿ ಸ್ವರಾಕ್ಷರ ಮೂರು ಸಲ ಬಿದ್ದಿದೆ. ಅದೇ ಸಾಲುಗಳು ಮೂರನೆಯ ಅಧ್ಯಾಯದಲ್ಲಿ ತಿದ್ದಿಸಿಕೊಂಡು ಬಂದಿವೆ. ಮಹಾಪ್ರಾಣಗಳೆಲ್ಲ ನೆಟ್ಟಗಾಗಿವೆ, ಎಳೆತ ಮಾಯವಾಗಿದೆ. ತಿದ್ದಿದ ಪುಟ ನೋಡಿ ಆ ಪದ ಹಾಡಲು ಬರುವುದಿಲ್ಲ. ತಿದ್ದದ ಪುಟ ನೋಡಿ ಬರುತ್ತದೆ.

ಅನುಬಂಧದಲ್ಲಿ ಕೊರತೆಗಳಿಲ್ಲವೆಂದಲ್ಲ. ತಾಲೀಮಿನ ತಾರೀಖು ಇಲ್ಲ. ಮಾಸ್ತರರ ವಯಸ್ಸು ಬರೆದವನು ಅವರು ಯಾರಿಂದ ಕಲಿತರು ಎಂದು ಬರೆದಿಲ್ಲ. ಸ್ತ್ರೀಪಾತ್ರ ಯಾರು ಹಾಕಿದರೋ ಗೊತ್ತಾಗುವುದಿಲ್ಲ. ಅವನು ಸ್ವತಃ ಒಮ್ಮೆ ಗೆಜ್ಜೆ ಕಟ್ಟಿ ಆ ಪ್ರವೇಶವನ್ನು ಕುಣಿದು ನೋಡಿದ್ದರೆ ಉಸಿರಿನ ಲೆಕ್ಕ ಇನ್ನೂ ಖಚಿತವಾಗುತ್ತಿತ್ತು.

ಇದನ್ನು ಮೆಚ್ಚದವರ ವಾದ ಹೀಗಿದೆ: ಪದವಿಯ ಹುಡುಗ ಮೊದಲು ಶಿಸ್ತು ಕಲಿಯಲಿ, ದೊಡ್ಡಾಟ ಮೂಡಲಪಾಯಕ್ಕೆ ಸೇರಿದ್ದೋ, ಯಕ್ಷಗಾನಕ್ಕೂ ಇದಕ್ಕೂ ಏನು ನಂಟು ಎಂಬುದನ್ನು ತಿಳಿಯಲಿ, ಆಮೇಲೆ ತಾಲೀಮು ನೋಡಲಿ. ಈ ವಾದದೊಂದಿಗೆ ನನ್ನ ಜಗಳ ಹಳೆಯದು. ಮೂಡಲಪಾಯ, ಪಡುವಲಪಾಯ ಎಂಬ ವಿಂಗಡಣೆ ಬೆಳೆದದ್ದು ಊರೂರು ತಿರುಗಿ, ರಾತ್ರಿಯಿಡೀ ಕೂತು ನೋಡಿದವರಿಂದ. ಜೀ.ಶಂ. ಪರಮಶಿವಯ್ಯನವರು ಮೂಡಲಪಾಯದ ಕಲಾವಿದರ ನಡುವೆ ಓಡಾಡಿದವರು. ಅವರ ನಡಿಗೆಯನ್ನು ಬಿಟ್ಟು ಅವರ ಹೆಸರನ್ನಷ್ಟೇ ಅಡಿಟಿಪ್ಪಣಿಗೆ ಹಾಕಿಕೊಳ್ಳುವುದು ಯಾವ ಶಿಸ್ತು? ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1959ರಲ್ಲಿ. ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟು ಬಂದವರು ಅವರು. ಪದವಿಯ ಹಂಗಿಲ್ಲದೆ ಕಣ್ಣಿಂದ, ಕಿವಿಯಿಂದ, ಕಾಲಿಂದ ಸಂಪಾದಿಸಿದ ಅರಿವು ಅದು. ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಮಹಾಪ್ರಬಂಧ ಬರೆದರು, 1972ರಲ್ಲಿ ‘ಜೋಕುಮಾರಸ್ವಾಮಿ’ಯನ್ನೂ ಬರೆದರು. ಎರಡರ ಹಿಂದೆಯೂ ಘೋಡಗೇರಿಯಲ್ಲಿ ಪದ ಕೇಳಿ ಬೆಳೆದ ಒಂದೇ ಕಿವಿಯಿದೆ. ಇವರ ಹೆಸರನ್ನು ಶಿಸ್ತಿನ ಪರವಾಗಿ ಎತ್ತುವವರು, ಇವರು ಕೂತು ನೋಡಿದ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ಕಡೆಯಿಂದಲೂ ಆಕ್ಷೇಪವಿದೆ, ಅದು ಬರುವುದು ಕಲಾವಿದರಿಂದಲೇ. ಕುಣಿಯುವವ ಕುಣೀತಾನ, ಬರಿಯೂದ್ಯಾಕ ಅಂತ. ಗಂಗೂಬಾಯಿ ಹಾನಗಲ್ಲರ ಹೆಸರನ್ನೂ ಇದಕ್ಕೆ ಸಾಕ್ಷಿ ಕರೆಯುತ್ತಾರೆ: ಶಾಲೆ ಕಲಿತದ್ದು ಐದನೆಯ ಇಯತ್ತೆವರೆಗೆ, ಇವತ್ತು ಮೈಸೂರಿನಲ್ಲಿ ಅವರ ಹೆಸರಲ್ಲಿ ವಿಶ್ವವಿದ್ಯಾಲಯವೇ ಇದೆ ಎಂದು. ಆದರೆ ಆ ತಾಯಿ ‘ನನ್ನ ಬದುಕಿನ ಹಾಡು’ ಹೇಳಿ ಬರೆಸಿದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಮುಂದೆ ಕೂತು ಕಲಿಯಲು ಹೋಗುತ್ತಿದ್ದ ದಿನಗಳು ನಮಗೆ ಸಿಕ್ಕಿದ್ದು ಅವರು ಹಾಗೆ ನೆನೆದು ಹೇಳಿದ್ದರಿಂದ. ಕಲಿಕೆಯ ಕೋಣೆಯೊಳಗೆ ಏನಾಗುತ್ತದೆ ಎಂಬುದನ್ನು ಧ್ವನಿಮುದ್ರಿಕೆ ಹೇಳುವುದಿಲ್ಲ.

ನಮ್ಮ ಸೀಮೆಗೆ ಇದು ದೂರದ ಚರ್ಚೆಯೇನಲ್ಲ. ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿದೆ. ಹಾನಗಲ್ ತಾಲೂಕಿನ ಶೇಷಗಿರಿಯಲ್ಲಿ ಗಜಾನನ ಯುವಕ ಮಂಡಳದವರು ಹಳ್ಳಿಯಲ್ಲೇ ರಂಗಮಂದಿರ ಕಟ್ಟಿಕೊಂಡು ನಾಟಕ ಆಡುತ್ತಾರೆ. ಗೊಟಗೋಡಿಯ ರಾಕ್ ಗಾರ್ಡನ್ ಕಟ್ಟಿದ ಟಿ.ಬಿ. ಸೊಲಬಕ್ಕನವರ ರಾತ್ರಿಯಿಡೀ ನಡೆಯುವ ದೊಡ್ಡಾಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ ಹೊಸ ಪ್ರೇಕ್ಷಕರ ಮುಂದಿಟ್ಟರು. ಅದು ಒಳ್ಳೆಯದಾಯಿತೇ, ಕೆಟ್ಟದಾಯಿತೇ ಎಂದು ಇನ್ನೂ ವಾದಿಸುತ್ತೇವೆ. ಅವರು ಬಿಟ್ಟದ್ದೇನು, ಉಳಿಸಿಕೊಂಡದ್ದೇನು ಎಂದು ತೂಗಬೇಕಾದರೆ ಹಳೆಯ ಆಟದ ತಾಲೀಮನ್ನು ಬರೆದಿಟ್ಟ ಪುಟ ಕೈಯಲ್ಲಿರಬೇಕು. ಆಟವನ್ನು ಕುಗ್ಗಿಸುವಾಗ ಸಾರಥಿಯ ಮಾತಿಗೆ ಕತ್ತರಿ ಹಾಕಿದರೆ ಕುಣಿಯುವವನ ಉಸಿರಿಗೆ ಎಲ್ಲಿ ಜಾಗ ಮಾಡಬೇಕು? ಈ ಪ್ರಶ್ನೆ ಕೇಳಲು ನಮಗೆ ಬಲ ಬಂದದ್ದು ಆ ಅನುಬಂಧದಿಂದ. ಉಗಮ ಮತ್ತು ವಿಕಾಸದಿಂದ ಬರುವಂಥದ್ದಲ್ಲ ಇದು.

ಆದ್ದರಿಂದ ನನ್ನ ತೀರ್ಮಾನ: ಈ ಕಿರುಪ್ರಬಂಧದ ಮೊದಲ ಮೂರು ಅಧ್ಯಾಯಗಳಿಗೆ ಸಿಕ್ಕ ಹೊಗಳಿಕೆ ಹೆಚ್ಚಾಯಿತು, ಅನುಬಂಧಕ್ಕೆ ಒಂದು ಮಾತೂ ಸಿಗಲಿಲ್ಲ. ಮುಂದೆ ಬರೆಯುವವರಿಗೆ ಮಾರ್ಗದರ್ಶಕರು ತಾಲೀಮಿನ ಪುಟಗಳನ್ನೇ ಮೊದಲು ಬರೆಯಲು ಹೇಳಲಿ, ಇತಿಹಾಸ ಬೇಕೆನಿಸಿದಲ್ಲಿ ಆ ಪುಟಗಳೇ ಅದನ್ನು ಕೇಳುತ್ತವೆ.

ವೈವಾದಲ್ಲಿ ಏನು ಕೇಳಿದರು ಎಂದು ಹುಡುಗನನ್ನು ವಿಚಾರಿಸಿದೆ. ದೊಡ್ಡಾಟದ ಮೂಲ ಕೇಳಿದರಂತೆ, ಲಕ್ಷಣ ಕೇಳಿದರಂತೆ, ಆಧಾರ ಗ್ರಂಥ ಎಷ್ಟು ಎಂದು ಕೇಳಿದರಂತೆ. ಉಸಿರಿನ ಮಾತು ಯಾರೂ ಎತ್ತಲಿಲ್ಲ. ಅನುಬಂಧದ ನಾಲ್ಕನೆಯ ಪುಟ ಅರ್ಧಕ್ಕೇ ನಿಂತಿದೆಯಲ್ಲ, ಯಾಕೆ ಎಂದೆ. ಪುಟಗಳ ಮಿತಿ ಮುಗಿದಿತ್ತು ಸರ್, ಎಂದ. ಎರಡನೆಯ ರಾಜನ ಪ್ರವೇಶವನ್ನು ಬರೆದುಕೊಂಡ ನೋಟ್‌ಬುಕ್ ಮನೆಯಲ್ಲಿ ಇದೆಯಂತೆ. ಮುಂದಿನ ವಾರ ಬರುವಾಗ ತಗೊಂಡು ಬಾ ಎಂದು ಹೇಳಿ ಕಳಿಸಿದ್ದೇನೆ.