ಕಂಪವಾತವೂ ಕರುಳಿನ ಸಾಕ್ಷ್ಯವೂ

ರೋಗಲಕ್ಷಣಗಳನ್ನು ವರ್ಣಿಸುವ ಗ್ರಂಥಗಳಲ್ಲಿ ಕಾಲಕ್ಕೆ ಸವೆಯದೆ ನಿಲ್ಲುವಂತಹವು ವಿರಳ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ನನು 1817ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯು ಆ ವಿರಳವಾದವುಗಳಲ್ಲೊಂದು. ನಮ್ಮವರು ಕಂಪವಾತವೆನ್ನುವ ವ್ಯಾಧಿಗೆ ಮುಂದೆ ಆತನ ಹೆಸರೇ ನಿಂತಿತು. ಅದರಲ್ಲಿ ವಿವರಿಸಲ್ಪಟ್ಟ ರೋಗಿಗಳು ಆರೇ ಮಂದಿ. ಅವರಲ್ಲಿಯೂ ಕೆಲವರನ್ನು ಗ್ರಂಥಕರ್ತನು ಬೀದಿಯಲ್ಲಿ ಕಂಡಿದ್ದನೇ ಹೊರತು ಕೈಮುಟ್ಟಿ ಪರೀಕ್ಷಿಸಿರಲಿಲ್ಲ. ಆದರೂ ನಡುಗುವ ಕೈ, ಮುಂದಕ್ಕೆ ಬಾಗಿದ ಮೈ, ತಡೆಯಲಾರದೆ ಓಟವಾಗುವ ನಡಿಗೆ ಇವುಗಳ ಜೊತೆಗೆ, ಮೊದಲಿನಿಂದಲೂ ಜಡವಾಗಿದ್ದ ಕರುಳು ಕಡೆಗೆ ಪ್ರಬಲವಾದ ಔಷಧಗಳಿಗೂ ಸುಲಭವಾಗಿ ಮಣಿಯದಾಗುವುದನ್ನು ಆತನು ಗುರುತಿಸಿರುವನು. ಜಠರ ಮತ್ತು ಕರುಳುಗಳ ಕೆಡುಕು ಬೆನ್ನುಹುರಿಯನ್ನು ಬಾಧಿಸಿರಬಹುದೆಂದೂ ಊಹಿಸಿ, ಅವೆರಡರ ಸಂಬಂಧವನ್ನು ತೋರಿಸಲು ತನ್ನಿಂದಾಗದೆಂದು ಅಲ್ಲಿಯೇ ಒಪ್ಪಿಕೊಂಡಿರುವನು. ಪ್ರಯೋಗವಿರಬೇಕಾದ ಸ್ಥಳದಲ್ಲಿ ಊಹೆಯಿದೆಯೆಂಬುದನ್ನು ಪೀಠಿಕೆಯಲ್ಲಿಯೂ ಮರೆಮಾಡಿಲ್ಲ. ಕಂಡುದಕ್ಕೂ ಊಹಿಸಿದುದಕ್ಕೂ ನಡುವಣ ಗೆರೆಯನ್ನು ಅಳಿಸದಿರುವುದೇ ಈ ಗ್ರಂಥದ ಮುಖ್ಯ ಗುಣ.

ಎರಡು ಶತಮಾನಗಳು ಕಳೆದ ಮೇಲೆ ಅದೇ ಕರುಳು ಪುನಃ ಚರ್ಚೆಗೆ ಬಂದಿದೆ. ಹೊನೊಲುಲುವಿನಲ್ಲಿ 6,790 ಪುರುಷರನ್ನು ಬಹುಕಾಲ ಅನುಸರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವು, ದಿನಕ್ಕೊಮ್ಮೆ ಮಲವಿಸರ್ಜನೆಯಾಗುತ್ತಿದ್ದವರಿಗಿಂತ ಅಷ್ಟೂ ಆಗದಿದ್ದವರಲ್ಲಿ ಈ ರೋಗದ ಸಂಭವವು 2.7 ಪಟ್ಟು ಹೆಚ್ಚಾಗಿತ್ತೆಂದು ತೋರಿಸಿತು. 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಎಂಬ ಅಂಗರಚನಾಶಾಸ್ತ್ರಜ್ಞನು, ರೋಗವು ಕರುಳಿನ ನರಗಳಲ್ಲಿ ಮೊದಲಾಗಿ ಮೆದುಳಿಗೆ ಏರುವುದೆಂಬ ವಾದವನ್ನು ಮುಂದಿಟ್ಟನು. ತರುವಾಯ ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಕಡೆಗೆ ಸಂಶೋಧಕರ ದೃಷ್ಟಿ ಹೊರಳಿತು. ಇಂದು ಮನೆಯಿಂದಲೇ ಮಲದ ಮಾದರಿಯನ್ನು ಕಳುಹಿಸಿ, ಯಾವ ಜೀವಿ ಎಷ್ಟಿದೆಯೆಂಬ ವರದಿಯನ್ನು ಹಣ ತೆತ್ತು ಪಡೆಯಬಹುದಾಗಿದೆ. ರೋಗಿಯೂ ಆತನ ಮನೆಯವರೂ ಆ ವರದಿಯನ್ನು ನಂಬಿ ಆಹಾರವನ್ನೋ ಔಷಧವನ್ನೋ ಬದಲಿಸಲು ತೊಡಗುವ ಸಂಭವವಿರುವುದರಿಂದ, ಅದನ್ನೂ ಒಂದು ಗ್ರಂಥದಂತೆ ವಿಮರ್ಶಿಸಿ ಓದುವುದು ಅವಶ್ಯ.

ಇಂತಹ ವರದಿಗಳಿಗೆ ಆಧಾರವಾದ ಸಂಶೋಧನೆಗಳಲ್ಲಿ, ಹೆಲ್ಸಿಂಕಿಯ ಫಿಲಿಪ್ ಶೆಪರ್‍ಯಾನ್ಸ್ ಮೊದಲಾದವರು 2015ರಲ್ಲಿ ಪ್ರಕಟಿಸಿದ ಪ್ರಬಂಧವು ಗಣ್ಯವಾದುದು. 72 ರೋಗಿಗಳನ್ನೂ 72 ನಿರೋಗಿಗಳನ್ನೂ ಹೋಲಿಸಿದಲ್ಲಿ, ಪ್ರೆವೊಟೆಲ್ಲೇಸಿ ಎಂಬ ಕುಲದ ಬ್ಯಾಕ್ಟೀರಿಯಾಗಳು ರೋಗಿಗಳಲ್ಲಿ ಸರಾಸರಿ 77.6 ಪ್ರತಿಶತ ಕಡಮೆಯಾಗಿದ್ದುವು. ಈ ಅಂಕಿಯೊಂದನ್ನೇ ಓದಿದವರಿಗೆ ರೋಗದ ಗುರುತು ಕೈಗೆ ಸಿಕ್ಕಿತೆಂದು ತೋರುವುದು ಸಹಜ. ಆದರೆ ಅದೇ ಪ್ರಬಂಧವು ಮತ್ತೊಂದು ಲೆಕ್ಕವನ್ನೂ ಕೊಟ್ಟಿದೆ. ಈ ಕುಲದ ಪ್ರಮಾಣವು 6.5 ಪ್ರತಿಶತ ಅಥವಾ ಅದಕ್ಕೂ ಕಡಮೆಯಿರುವುದನ್ನೇ ರೋಗದ ಗುರುತೆಂದು ಹಿಡಿದರೆ, ರೋಗಿಗಳಲ್ಲಿ 86.1 ಪ್ರತಿಶತ ಮಂದಿ ಗುರುತಿಸಲ್ಪಡುವರು. ನಿರೋಗಿಗಳಲ್ಲಿ ಸರಿಯಾಗಿ ಬಿಡುಗಡೆ ಹೊಂದುವವರು 38.9 ಪ್ರತಿಶತ ಮಾತ್ರ. ಎಂದರೆ 72 ರೋಗಿಗಳಲ್ಲಿ 62 ಮಂದಿಯನ್ನು ಹಿಡಿಯುವ ಈ ಬಲೆಯು 72 ನಿರೋಗಿಗಳಲ್ಲಿ 44 ಮಂದಿಯನ್ನೂ ಹಿಡಿಯುವುದು. ನೂರು ವೃದ್ಧರಲ್ಲಿ ಒಬ್ಬನಿಗೆ ರೋಗವಿದೆಯೆಂದು ಇಟ್ಟುಕೊಂಡು ಸಾವಿರ ಮಂದಿಯನ್ನು ಹೀಗೆ ಪರೀಕ್ಷಿಸಿದರೆ, ಒಂಬತ್ತು ಮಂದಿ ರೋಗಿಗಳೊಡನೆ ಸುಮಾರು ಆರುನೂರು ಮಂದಿ ನಿರೋಗಿಗಳೂ ಭಯಕ್ಕೆ ಗುರಿಯಾಗುವರು. ಗುಂಪಿನ ಸರಾಸರಿಯು ಸತ್ಯವಾಗಿದ್ದೂ ವ್ಯಕ್ತಿಯ ವಿಷಯದಲ್ಲಿ ನಿರುಪಯುಕ್ತವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅದೇ ಪ್ರಬಂಧದಲ್ಲಿ ನಾಲ್ಕು ಕುಲಗಳ ಪ್ರಮಾಣದೊಡನೆ ಮಲಬದ್ಧತೆಯ ತೀವ್ರತೆಯನ್ನೂ ಸೇರಿಸಿ ಗುಣಿಸಿದಾಗ, ನಿರೋಗಿಗಳನ್ನು ಸರಿಯಾಗಿ ಬಿಡುವ ಪ್ರಮಾಣವು 90.3 ಪ್ರತಿಶತಕ್ಕೆ ಏರಿತು; ರೋಗಿಗಳನ್ನು ಹಿಡಿಯುವ ಪ್ರಮಾಣವು 66.7ಕ್ಕೆ ಇಳಿಯಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಮಲಬದ್ಧತೆಯನ್ನು ಅರಿಯಲು ಯಂತ್ರ ಬೇಕಿಲ್ಲ. ರೋಗಿಯನ್ನು ಕೇಳಿದರೆ ಸಾಕು. ಇದಲ್ಲದೆ, ಕರುಳಿನ ಚಲನೆ ನಿಧಾನವಾದರೆ ಸೂಕ್ಷ್ಮಜೀವಿಗಳ ಪ್ರಮಾಣವೂ ಬದಲಾಗುವುದು. ಈ ರೋಗಕ್ಕೆ ಕೊಡುವ ಎಂಟಕಪೋನ್ ಮುಂತಾದ ಔಷಧಗಳಿಂದಲೂ ಬದಲಾಗುವುದು. ಆದುದರಿಂದ ವರದಿಯಲ್ಲಿ ಕಾಣುವುದು ರೋಗದ ಕಾರಣವೋ, ರೋಗದ ಫಲವೋ, ಚಿಕಿತ್ಸೆಯ ನೆರಳೋ ಎಂಬುದು ಒಂದು ಮಾದರಿಯಿಂದ ನಿರ್ಣಯವಾಗದು. ಧಾನ್ಯ ಬೇಳೆಗಳೇ ಮುಖ್ಯಾಹಾರವಾದ ಭಾರತೀಯರಲ್ಲಿ ಪ್ರೆವೊಟೆಲ್ಲಾ ಹೇರಳವಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಫಿನ್ಲೆಂಡಿನವರ ಮೇಲೆ ಅಳೆದ ಗಡಿಯನ್ನು ರಾಗಿ ಜೋಳ ಉಣ್ಣುವವರಿಗೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ.

ಇಷ್ಟರಿಂದ ಈ ಸಂಶೋಧನೆಯೇ ವ್ಯರ್ಥವೆಂದು ಹೇಳುವುದು ಅನ್ಯಾಯವಾದೀತು. ರೋಗಕ್ಕೆ ಸಂಬಂಧಿಸಿದ ಪ್ರೋಟೀನು ಅತಿಯಾಗಿ ಉತ್ಪನ್ನವಾಗುವಂತೆ ಮಾಡಿದ ಇಲಿಗಳಿಗೆ ರೋಗಿಗಳ ಕರುಳಿನ ಜೀವಿಗಳನ್ನು ಸೇರಿಸಿದಾಗ ಅವುಗಳ ಚಲನೆ ಇನ್ನಷ್ಟು ಕೆಟ್ಟಿತೆಂದು 2016ರಲ್ಲಿ ಕ್ಯಾಲಿಫೋರ್ನಿಯದಿಂದ ವರದಿಯಾಯಿತು. 2019ರಲ್ಲಿ ಅಮೆರಿಕದ ಸಂಶೋಧಕರು, ಎಂಟೆರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯವು ಈ ರೋಗದ ಮುಖ್ಯೌಷಧವಾದ ಲೀವೊಡೋಪಾವನ್ನು ಕರುಳಿನಲ್ಲಿಯೇ ಡೋಪಮೀನಾಗಿ ಮಾರ್ಪಡಿಸುವುದೆಂದೂ, ಆ ಮಾರ್ಪಾಡನ್ನು ದೇಹದಲ್ಲಿ ತಡೆಯಲೆಂದು ಕೊಡುವ ಕಾರ್ಬಿಡೋಪಾಕ್ಕೆ ಬ್ಯಾಕ್ಟೀರಿಯದಲ್ಲಿ ಅಂತಹ ಪ್ರಭಾವವಿಲ್ಲವೆಂದೂ ತೋರಿಸಿದರು. ಹೀಗೆ ಹುಟ್ಟಿದ ಡೋಪಮೀನು ಮೆದುಳನ್ನು ಸೇರಲಾರದು. ಒಂದೇ ಪ್ರಮಾಣದ ಔಷಧವು ಒಬ್ಬನಿಗೆ ಹತ್ತಿ ಇನ್ನೊಬ್ಬನಿಗೆ ಹತ್ತದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಆದರೆ ಔಷಧವು ಹೀರಲ್ಪಡುವುದು ಸಣ್ಣಕರುಳಿನ ಮೇಲ್ಭಾಗದಲ್ಲಿ. ಪರೀಕ್ಷೆಗೆ ಹೋಗುವ ಮಾದರಿಯಾದರೋ ಪಚನಮಾರ್ಗದ ಕೊನೆಯದು. ಹೊಳೆಯ ಮುಖದಲ್ಲಿ ನೀರನ್ನು ತುಂಬಿಕೊಂಡು ಮೂಲದ ರುಚಿಯನ್ನು ಹೇಳುವಂತೆ ಆಗಬಾರದು.

ಚಿಕಿತ್ಸೆಯ ಪ್ರಯೋಗಗಳೂ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಆರೋಗ್ಯವಂತರ ಕರುಳಿನ ಜೀವಿಗಳನ್ನು ರೋಗಿಗಳಿಗೆ ಸೇರಿಸಿದ ಎರಡು ಪ್ರಯೋಗಗಳ ಫಲಿತಾಂಶಗಳು 2024ರಲ್ಲಿ ಪ್ರಕಟವಾದುವು. ಬೆಲ್ಜಿಯಮ್ಮಿನಲ್ಲಿ ಹನ್ನೆರಡು ತಿಂಗಳ ತರುವಾಯ ಚಲನೆಯಲ್ಲಿ ಅಲ್ಪ ಸುಧಾರಣೆ ಕಂಡಿತು. ಫಿನ್ಲೆಂಡಿನಲ್ಲಿ ಆರು ತಿಂಗಳ ತರುವಾಯ ಗಣ್ಯವಾದ ಪ್ರಯೋಜನ ಕಾಣಲಿಲ್ಲ. ಸೂಕ್ಷ್ಮಜೀವಿ ಪರೀಕ್ಷೆಯನ್ನು ಕುರಿತು ಅದೇ ವರ್ಷದ ಕೊನೆಗೆ ಹೊರಬಂದ ಅಂತರರಾಷ್ಟ್ರೀಯ ತಜ್ಞರ ಹೇಳಿಕೆಯು, ದಿನನಿತ್ಯದ ಚಿಕಿತ್ಸೆಯಲ್ಲಿ ಇದನ್ನು ಬಳಸಲು ತಕ್ಕಷ್ಟು ಆಧಾರವಿಲ್ಲವೆಂದೂ, ವೈದ್ಯರ ಸಲಹೆಯಿಲ್ಲದೆ ರೋಗಿಗಳು ತಾವಾಗಿಯೇ ಮಾಡಿಸಿಕೊಳ್ಳುವುದು ಪ್ರೋತ್ಸಾಹಾರ್ಹವಲ್ಲವೆಂದೂ ಅಭಿಪ್ರಾಯಪಟ್ಟಿತು.

ಆದಕಾರಣ ಸಂಶೋಧಕರ ಕೈಯಲ್ಲಿ ಈ ಪರೀಕ್ಷೆಯು ಮೌಲ್ಯವುಳ್ಳ ಸಾಧನ. ರೋಗಿಯ ಕೈಗೆ ಬಂದ ವರದಿಯು ಸದ್ಯಕ್ಕೆ ಅರ್ಥವಾಗದ ಲಿಪಿಯ ಓಲೆ. ಅದನ್ನು ನಂಬಿ ಲೀವೊಡೋಪಾದ ಪ್ರಮಾಣವನ್ನು ಹೆಚ್ಚುಕಡಮೆ ಮಾಡಿಕೊಳ್ಳುವುದು ಅಪಾಯಕರ. ಮಲಬದ್ಧತೆಯಾದರೋ ಓದಬಲ್ಲ ಲಿಪಿ. ನೀರು, ನಾರಿನ ಆಹಾರ, ನಡಿಗೆ ಮತ್ತು ತಕ್ಕ ಔಷಧಗಳಿಂದ ಶಮನಗೊಳಿಸಬಹುದಾದ ಬಾಧೆ. ನಡುಗುವ ಕೈಯನ್ನು ತೋರಿಸುವ ರೋಗಿಯು ಅದನ್ನು ಹೇಳಲು ನಾಚುವನು. ವೈದ್ಯನೂ ಕೇಳಲು ಮರೆಯುವನು. ಪಾರ್ಕಿನ್ಸನ್ನನು 1817ರಲ್ಲಿಯೇ ಅದನ್ನು ಮರೆಯದೆ ಬರೆದಿಟ್ಟನು. ಸಾವಿರ ಜೀವಿಗಳ ಹೆಸರನ್ನು ಪಟ್ಟಿಮಾಡಬಲ್ಲ ಕಾಲದಲ್ಲಿ ಆ ಒಂದು ಪ್ರಶ್ನೆಯು ಕೈಬಿಟ್ಟುಹೋದರೆ, ಜ್ಞಾನವು ಬೆಳೆದಿದ್ದೂ ವೈದ್ಯವು ಕುಗ್ಗಿತೆಂದೇ ಹೇಳಬೇಕಾದೀತು.