ಮೈಕ್‌ಸೆಟ್ ಅಂಗಡಿಯ ಪಕ್ಕದ ಮಿರ್ಚಿ

ದಾವಣಗೆರೆ ಸೀಮೆಯ ತ್ಯಾವಣಿಗೆಯಲ್ಲಿ ರೆಕಾರ್ಡ್ ಅಂಗಡಿ ಎಂದು ಬೋರ್ಡು ಹಾಕಿಕೊಂಡ ಅಂಗಡಿಯನ್ನು ನಾನು ನೋಡಿದವನಲ್ಲ. ಆದರೆ ಹಾಡು ಕೇಳುವ ಹುಚ್ಚು ಹತ್ತಿದ್ದು ಇದೇ ಸೀಮೆಯಲ್ಲಿ, ಹತ್ತಿಸಿದ್ದು ಮೈಕ್‌ಸೆಟ್ ಅಂಗಡಿ. ಗೋಡೆಯ ಮೊಳೆಗೆ ನೇತುಬಿದ್ದ ಕಹಳೆಯಂಥ ಹಾರ್ನುಗಳು, ನೆಲದ ಮೇಲೆ ಅಹುಜಾ ಆಂಪ್ಲಿಫೈಯರ್, ಮೂಲೆಯಲ್ಲಿ ತಗಡಿನ ಟ್ರಂಕು. ಊರಿನ ಸಂಗೀತವೆಲ್ಲ ಆ ಟ್ರಂಕಿನಲ್ಲಿತ್ತು. ಮದುವೆ ಮನೆಗೆ ಒಯ್ಯುವ ಪ್ಲೇಟುಗಳು ಮೇಲೆ, ಗಣಪತಿ ಪೆಂಡಾಲಿಗೆ ಬೇಕಾದವು ನಡುವೆ, ತೀರಿಕೊಂಡವರ ಮನೆ ಮುಂದೆ ರಾತ್ರಿಯಿಡೀ ಹಾಕುವ ಭಜನೆ, ತತ್ವಪದ ತಳದಲ್ಲಿ. ಮುಚ್ಚಳ ತೆರೆದರೆ ನುಸಿಗುಳಿಗೆ ವಾಸನೆ. ಅದರ ಬೆನ್ನಿಗೇ ಪಕ್ಕದ ಬಂಡಿಯಿಂದ ಎಣ್ಣೆಯಲ್ಲಿ ಬೇಯುವ ಮೆಣಸಿನಕಾಯಿ ಘಾಟು. ಇವತ್ತಿಗೂ ನನಗೆ ಒಂದರ ನೆನಪಾದರೆ ಇನ್ನೊಂದು ತಾನಾಗಿ ಬರುತ್ತದೆ.

ನಮ್ಮ ಕಡೆ ಗ್ರಾಮಾಫೋನ್ ತಟ್ಟೆಗೂ ದೋಸೆಯ ತಟ್ಟೆಗೂ ಪ್ಲೇಟು ಎಂದೇ ಹೆಸರು. ಒಂದು ಪ್ಲೇಟ್ ಮಿರ್ಚಿ ಕೊಡ್ರಿ. ಆ ಪ್ಲೇಟ್ ತಿರುವಿ ಹಾಕ್ರಿ. ಈ ಎರಡನ್ನೂ ಬೇರೆ ಮಾಡಿ ಬರೆಯಲು ನನ್ನಿಂದಾಗದು. ದಾವಣಗೆರೆ ಸೀಮೆಯ ಕಿವಿ ಮತ್ತು ನಾಲಗೆ ಒಂದೇ ಅಂಗಳದಲ್ಲಿ ಬೆಳೆದವು. ಆ ಅಂಗಳ ನಾಟಕ ಕಂಪನಿಯದು.

ಬೆಣ್ಣೆ ದೋಸೆಯ ಕಥೆಯನ್ನೇ ತೆಗೆದುಕೊಳ್ಳಿ. ದಾವಣಗೆರೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ ಅದು. ಬೆಳಗಾವಿ ಸೀಮೆಯ ಚೆನ್ನಮ್ಮ ಎಂಬಾಕೆ 1928ರಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದರು. ವಸಂತ ಟಾಕೀಸಿನ ಬಳಿ, ಸಾವಳಗಿ ನಾಟಕ ಥಿಯೇಟರಿನ ಆಸುಪಾಸಿನಲ್ಲಿ ರಾಗಿ ದೋಸೆ ಹುಯ್ದು ಮಾರಿದರು. ಹತ್ತು ವರ್ಷದ ಮೇಲೆ ಮಕ್ಕಳ ಕಾಲಕ್ಕೆ ರಾಗಿ ಹೋಗಿ ಅಕ್ಕಿ, ಉದ್ದು, ಮಂಡಕ್ಕಿ ಸೇರಿದ ಹಿಟ್ಟು ಬಂತು, ಅದರ ಮೇಲೆ ಬೆಣ್ಣೆ ಬಂತು. ಈ ಕಥೆಯಲ್ಲಿ ಜನ ಬೆಣ್ಣೆಯನ್ನು ಹಿಡಿದುಕೊಳ್ಳುತ್ತಾರೆ, ನನ್ನ ಮನಸ್ಸು ಮಾತ್ರ ಆ ಥಿಯೇಟರಿನ ಹತ್ತಿರವೇ ನಿಲ್ಲುತ್ತದೆ. ಕಂಪನಿ ನಾಟಕ ರಾತ್ರಿ ಊಟದ ಮೇಲೆ ಶುರುವಾದರೆ ಮುಗಿಯುವ ಹೊತ್ತಿಗೆ ಕೋಳಿ ಕೂಗುವ ಸಮಯ. ಗಾಡಿ ಕಟ್ಟಿಕೊಂಡು ಹಳ್ಳಿಯಿಂದ ಬಂದವರು, ಹತ್ತಿ ಮಿಲ್ಲಿನ ಪಾಳಿ ಮುಗಿಸಿ ಬಂದವರು, ಬಣ್ಣ ಒರೆಸಿಕೊಂಡ ನಟರು, ಎಲ್ಲರಿಗೂ ಹಸಿವು. ಒಲೆ ಎಲ್ಲಿ ಹೂಡಬೇಕೆಂದು ಆ ತಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅದೇ ಊರಿನದು ಚಿಂದೋಡಿ ವೀರಪ್ಪನವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ. ಚಿಂದೋಡಿ ಲೀಲಾ ಅವರ ‘ಹಳ್ಳಿ ಹುಡುಗಿ’ಯನ್ನು ನೋಡದ ಹಿರಿಯರು ನಮ್ಮ ಸೀಮೆಯಲ್ಲಿ ಕಡಿಮೆ. 1995ರಲ್ಲಿ ಇದೇ ಮನೆತನದ ಚಿಂದೋಡಿ ಬಂಗಾರೇಶ್ ಗದುಗಿನ ಗವಾಯಿಗಳ ಜೀವನವನ್ನು ಸಿನಿಮಾ ಮಾಡಿದರು, ‘ಗಾನಯೋಗಿ ಪಂಚಾಕ್ಷರಿ ಗವಾಯಿ’. ಸಂಗೀತಕ್ಕೆ ಹಂಸಲೇಖ, ಹಾಡಿದ್ದಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಆ ಕ್ಯಾಸೆಟ್ ನನ್ನ ಬಳಿ ಎರಡಿವೆ. ಒಂದನ್ನು ಹಾಕುತ್ತೇನೆ, ಇನ್ನೊಂದನ್ನು ಮುಟ್ಟುವುದಿಲ್ಲ. ಹಿಂದೂಸ್ತಾನಿ ಎಂದರೆ ತಮಗಲ್ಲ ಎಂದುಕೊಂಡಿದ್ದ ನಮ್ಮ ಅಡಿಕೆ ತೋಟದ ಹುಡುಗರು ಆ ಕ್ಯಾಸೆಟ್ಟನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಓಡಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಭಾನುವಾರದ ದಾರಿ. ತ್ಯಾವಣಿಗೆಯಲ್ಲಿ ಬಸ್ಸು ಹತ್ತಿ ಕುಕ್ಕವಾಡ, ಹದಡಿ ದಾಟಿದರೆ ದಾವಣಗೆರೆ. ಕಿಟಕಿಯ ಎರಡೂ ಕಡೆ ಭದ್ರಾ ನಾಲೆಯ ನೀರು ಮಾಡಿದ ಕೆಲಸ ಕಾಣುತ್ತದೆ: ಭತ್ತದ ಗದ್ದೆ, ಅದರ ನಡುನಡುವೆ ಗದ್ದೆಯನ್ನು ನುಂಗುತ್ತಿರುವ ಅಡಿಕೆ. ಅಣೆಕಟ್ಟು ಮುಗಿದದ್ದು 1960ರ ದಶಕದಲ್ಲಿ. ಅಲ್ಲಿಂದ ಈಚೆಗೆ ಈ ಭತ್ತ ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ತಪ್ಪದ ಬಂಡವಾಳವಾಯಿತು. ಭಟ್ಟಿ ಬಡಾವಣೆಗೆ ಹೋಗಿ ಒಮ್ಮೆ ನಿಂತು ನೋಡಬೇಕು. ನೆನೆಸಿದ ಭತ್ತವನ್ನು ಹುರಿದು, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಉಣಿಸಿ, ಕೊನೆಗೆ ಕಾದ ಮರಳಿಗೆ ಸುರಿಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಳು ಅರಳಿ ಬೆಳ್ಳಗಾಗುತ್ತದೆ. ಆ ಸದ್ದು, ಸಣ್ಣ ಮಳೆ ತಗಡಿನ ಮೇಲೆ ಬಿದ್ದ ಹಾಗೆ. ಬೆಂಕಿಯ ಮುಂದೆ ನಿಂತವರ ಮೈ ನೋಡಿದ ಮೇಲೆ ಮಂಡಕ್ಕಿಯನ್ನು ಅಗ್ಗದ ತಿಂಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ದೋಸೆಗೆ ಹೋಗುವುದು ಬೆಳಿಗ್ಗೆಯೇ. ಕೊಟ್ಟೂರೇಶ್ವರ ಹೆಸರಿನ ದೋಸೆ ಹೋಟೆಲಿನ ಮುಂದೆ ಭಾನುವಾರ ಕಾಯಬೇಕಾಗುತ್ತದೆ, ಕಾಯುತ್ತೇನೆ. ಹೋಟೆಲನ್ನು ನಾನು ಅಳೆಯುವುದು ಬೆಣ್ಣೆಯಿಂದಲ್ಲ, ಪಲ್ಯದಿಂದ. ಆಲೂಗಡ್ಡೆ ಪಲ್ಯ ಬೆಳ್ಳಗಿರಬೇಕು, ಅರಿಸಿನ ಸೋಕಿರಬಾರದು, ಮಸಾಲೆಯ ಜಂಬ ಇರಬಾರದು; ಕಾಯಿ ಚಟ್ನಿ ತೆಳ್ಳಗಿದ್ದು ಹಸಿಮೆಣಸಿನ ಖಾರ ನಿಧಾನಕ್ಕೆ ಏರಬೇಕು. ದೋಸೆಗೆ ಕಟ್ಟಿಗೆ ಒಲೆ. ಸೌದೆಯ ಉರಿ ಕಾವಲಿಯ ಮೇಲೆಲ್ಲ ಒಂದೇ ಸಮ ಇರುವುದಿಲ್ಲ, ಹುಯ್ಯುವವರು ಅದನ್ನು ಬಲ್ಲರು. ಬಿಸಿ ಹೆಚ್ಚಿದ ಕಡೆ ನೀರು ಚಿಮುಕಿಸಿ, ಕಸಬರಿಗೆ ಎಳೆದು, ಹಿಟ್ಟು ಬಿಡುತ್ತಾರೆ. ಅಂಚು ಗರಿ, ನಡು ಮೆತ್ತಗೆ. ಹಿಟ್ಟಿನ ಮಂಡಕ್ಕಿಯೇ ಆ ಮೆದುವಿಗೆ ಕಾರಣ. ಗ್ಯಾಸ್ ಒಲೆಯ ಮೇಲೆ ಇದೇ ಹೆಸರಿನಲ್ಲಿ ಊರೂರಲ್ಲಿ ಸಿಗುವ ದೋಸೆ ಬೇರೆ ಜಾತಿಯದು, ಅದರ ಬಗ್ಗೆ ನನಗೆ ಬರೆಯಲು ಏನೂ ಇಲ್ಲ. ನನ್ನ ಆಯ್ಕೆ ಮೊದಲು ಬೆಣ್ಣೆ, ಆಮೇಲೆ ಒಂದು ಖಾಲಿ. ಖಾಲಿ ದೋಸೆಯಲ್ಲಿ ಹಿಟ್ಟಿನ ಹುಳಿ ಚೆನ್ನಾಗಿ ಗೊತ್ತಾಗುತ್ತದೆ.

ಹೊಟ್ಟೆ ತುಂಬಿದ ಮೇಲೆ ಕಿವಿಯ ಸರದಿ. ಮಂಡಿಪೇಟೆಯ ಕಡೆ ತಿರುಗಾಡುತ್ತ ಹಳೆಯ ಕ್ಯಾಸೆಟ್ ಅಂಗಡಿಗಳ ಜಾಗ ನೋಡುತ್ತೇನೆ. ಬಹುತೇಕ ಕಡೆ ಮೊಬೈಲ್ ಕವರು, ಚಾರ್ಜರು ನೇತಾಡುತ್ತವೆ. ನನಗೆ ಉಳಿದಿರುವುದು ಒಂದೇ ಅಂಗಡಿ, ಅದೂ ಈಗ ರೇಡಿಯೊ-ಮಿಕ್ಸಿ ರಿಪೇರಿಯದು. ಯಜಮಾನರು ಒಂದು ಕಾಲಕ್ಕೆ ರೆಕಾರ್ಡಿಂಗ್ ಸೆಂಟರ್ ನಡೆಸಿದವರು. ಚಿಕ್ಕವರಿಗೆ ಇದು ಗೊತ್ತಿರಲಿಕ್ಕಿಲ್ಲ: ಬೇಕಾದ ಹಾಡುಗಳನ್ನು ಹಾಳೆಯ ಮೇಲೆ ಬರೆದು, ಖಾಲಿ ಸಿ-60 ಇಲ್ಲವೇ ಸಿ-90 ಕೊಟ್ಟು ಬಂದರೆ, ವಾರದೊಳಗೆ ತುಂಬಿಸಿ ಕೊಡುತ್ತಿದ್ದರು. ಹಾಡಿನವರ ಹಕ್ಕಿನ ಲೆಕ್ಕದಲ್ಲಿ ಅದು ತಪ್ಪೇ. ಆದರೆ ನನ್ನ ಮಟ್ಟಿಗೆ ಅದು ಪಾಠಶಾಲೆಯೂ ಆಗಿತ್ತು. ಎ ಬದಿಯ ಕೊನೆಗೆ ಎರಡು ನಿಮಿಷ ಉಳಿದರೆ ಅವರು ಸುಮ್ಮನೆ ಖಾಲಿ ಬಿಡುತ್ತಿರಲಿಲ್ಲ, ನಾನು ಕೇಳದ ಹಾಡೊಂದನ್ನು ಸೇರಿಸುತ್ತಿದ್ದರು. ನಾನು ‘ಪ್ರೇಮಲೋಕ’ ಕೇಳಿ ಬರೆದುಕೊಟ್ಟ ಹಾಳೆಗೆ ಅವರು ಸೇರಿಸಿದ್ದು ಹಿಂದಿನ ತಲೆಮಾರಿನ ಗಾಯಕ ಕಾಳಿಂಗರಾಯರನ್ನು. 1987ರಲ್ಲಿ ಹಂಸಲೇಖ ಎಲ್ಲರ ಬಾಯಲ್ಲಿದ್ದಾಗ ಒಬ್ಬ ಹುಡುಗನಿಗೆ ಹಾಗೆ ಹಿಂದಿನ ದಾರಿ ತೋರಿಸಬೇಕು ಅನ್ನಿಸಿತಲ್ಲ, ಅದಕ್ಕಾಗಿ ಇವತ್ತಿಗೂ ಅವರ ಮುಂದೆ ನಾನು ಸ್ಟೂಲಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂರುವುದಿಲ್ಲ. ‘ನಿತ್ಯೋತ್ಸವ’ದ ಕ್ಯಾಸೆಟ್ ಕೊಂಡದ್ದೂ ಅವರ ಮಾತಿನ ಮೇಲೆ. 1978ರಲ್ಲಿ ಬಂದ ಅದು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾದದ್ದು. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ.

ಪ್ಲೇಟು ಹುಡುಕುವವರಿಗೆ ನಾಲ್ಕು ಮಾತು ಇಲ್ಲೇ ಹೇಳಿಬಿಡುತ್ತೇನೆ, ಕೇಳಿ ಬರುವ ಪತ್ರಗಳಲ್ಲಿ ಇದೇ ಹೆಚ್ಚು. ಕೈಗೆ ತೂಕವಾಗಿ, ಹತ್ತು ಇಂಚಿನದಾಗಿದ್ದರೆ ಅದು ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟು. ಬದಿಗೆ ಮೂರು ನಿಮಿಷ ಚಿಲ್ಲರೆ ಅಷ್ಟೇ. ಗಂಟೆಗಟ್ಟಲೆ ಹಾಡುತ್ತಿದ್ದ ಮಲ್ಲಿಕಾರ್ಜುನ ಮನ್ಸೂರರು ಕೂಡ 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡುವಾಗ ರಾಗವನ್ನು ಆ ಮೂರು ನಿಮಿಷದೊಳಗೆ ಹಿಡಿಸಬೇಕಾಯಿತು. ಇಂಥ ಪ್ಲೇಟನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ, ಅರಗು ಕರಗುತ್ತದೆ. ಉಕ್ಕಿನ ಮುಳ್ಳಾದರೆ ಒಂದು ಬದಿಗೆ ಒಂದು, ಮರುಬಳಕೆ ಮಾಡಿದರೆ ಹಾಡಿನ ಗೆರೆ ಸವೆಯುತ್ತದೆ. ಏಳು ಇಂಚಿನ ಇ.ಪಿ. ಪ್ಲೇಟುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸಿನಿಮಾ ಹಾಡು. ಮೈಕ್‌ಸೆಟ್ಟಿನ ಟ್ರಂಕಿನಿಂದ ಬಂದವಾದರೆ ಮೈತುಂಬ ಗೀರು ಇದ್ದೇ ಇರುತ್ತದೆ, ಯಾಕೆಂದರೆ ಊರಿನ ಎಲ್ಲ ಮದುವೆಯಲ್ಲೂ ಅವೇ ಸುತ್ತಿವೆ. ನನಗೆ ಅಂಥವೇ ಇಷ್ಟ. ಬೆಳಕಿಗೆ ಓರೆ ಹಿಡಿದಾಗ ಯಾವ ಹಾಡಿನ ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿದೆಯೋ ಅದು ಜನ ಮತ್ತೆ ಮತ್ತೆ ಹಾಕಿಸಿಕೊಂಡ ಹಾಡು. ನನ್ನ ಬಳಿಯ ‘ಸಂಪತ್ತಿಗೆ ಸವಾಲ್’ ಪ್ಲೇಟಿನಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವ ಹಾಡು ಹಾಗೆ ಸವೆದಿದೆ. ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕ 1974ರಲ್ಲಿ ಸಿನಿಮಾ ಆದಾಗ ಜಿ.ಕೆ. ವೆಂಕಟೇಶ್ ಆ ಹಾಡನ್ನು ರಾಜ್ ಅವರಿಂದಲೇ ಹಾಡಿಸಿದರು, ಅಲ್ಲಿಂದ ಅವರು ಗಾಯಕರಾಗಿಯೂ ನಿಂತರು. ನಾಟಕದಿಂದ ಪ್ಲೇಟಿಗೆ, ಪ್ಲೇಟಿನಿಂದ ಮದುವೆ ಚಪ್ಪರಕ್ಕೆ.

ಬೆಂಗಳೂರಿಗೆ ಹೋದರೆ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಈಗಲೂ ಪ್ಲೇಟು ಸಿಗುತ್ತವೆ, ಬೆಳಿಗ್ಗೆ ಬೇಗ ಹೋಗಬೇಕು. ಅಲ್ಲಿಯ ಪ್ಲೇಟುಗಳಿಗೆ ಊರಿಲ್ಲ, ಅದೊಂದೇ ಕೊರತೆ.

ಸಂಜೆ ಊರಿಗೆ ಮರಳುವ ಮೊದಲು ಮಂಡಕ್ಕಿ ಮಿರ್ಚಿ. ಖಾರ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ ಹಾಕಿ ಕಲಸಿದ ಕೂಡಲೇ ತಿನ್ನಬೇಕು, ಹತ್ತು ನಿಮಿಷ ತಡೆದರೆ ಮೆತ್ತಗಾಗಿ ಕೆಡುತ್ತದೆ. ಪುಟಾಣಿ ಹಿಟ್ಟು ಹಚ್ಚಿದ ನರ್ಗೀಸ್ ಮಂಡಕ್ಕಿಯಾದರೆ ಇನ್ನೂ ಬೇಗ. ಅದನ್ನು ಪಾರ್ಸೆಲ್ ಕಟ್ಟಿಸುವವರನ್ನು ಕಂಡರೆ ನನಗೆ ಸಂಕಟ. ಚನ್ನಗಿರಿಯಲ್ಲಿ, ಸಂತೇಬೆನ್ನೂರಿನ ಪುಷ್ಕರಣಿ ನೋಡಿ ಬರುವ ದಾರಿಯಲ್ಲಿ ನಾನು ನಿಲ್ಲುವ ಬಂಡಿಗಳಿಗೆ ಹೆಸರೇ ಇಲ್ಲ. ಮೆಣಸಿನಕಾಯಿಯ ಹೊಟ್ಟೆ ಸೀಳಿ ಜೀರಿಗೆ-ಉಪ್ಪು ತುಂಬಿದ್ದಾರಾ ನೋಡುತ್ತೇನೆ. ತುಂಬಿದ್ದರೆ ಕೂರುತ್ತೇನೆ.

ಕಳೆದ ಭಾನುವಾರ ನಾನು ಆ ರಿಪೇರಿ ಅಂಗಡಿಗೆ ಹೋದದ್ದು ಒಂದು ಸಿ-90 ಹಿಡಿದುಕೊಂಡು. ನಮ್ಮ ಸೀಮೆಯ ಒಂದು ಜಾತ್ರೆಯಲ್ಲಿ ಆಡಿದ ಕಂಪನಿ ನಾಟಕವನ್ನು ಮೈಕ್‌ಸೆಟ್ಟಿನವರು ಆಂಪ್ಲಿಫೈಯರಿನಿಂದ ವೈರು ಎಳೆದು ತುಂಬಿಸಿಕೊಂಡಿದ್ದರು. ಅವರ ಟ್ರಂಕು ಗುಜರಿಗೆ ಹೋಗುವ ಹೊತ್ತಿಗೆ ನನ್ನ ಕೈಗೆ ಬಂದದ್ದು. ಟೇಪು ತುಂಡಾಗಿತ್ತು, ಒತ್ತುವ ಸ್ಪಂಜು ಉದುರಿತ್ತು. ಯಜಮಾನರು ಕನ್ನಡಕ ಏರಿಸಿ, ಐದು ಸಣ್ಣ ಸ್ಕ್ರೂ ಬಿಚ್ಚಿ, ತುಂಡನ್ನು ಓರೆಯಾಗಿ ಕತ್ತರಿಸಿ ಜೋಡಿಸಿದರು. ಬೇರೆ ಕ್ಯಾಸೆಟ್ಟಿನ ಸ್ಪಂಜು ಕಿತ್ತು ಇದಕ್ಕೆ ಕೂರಿಸಿದರು. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ, ಆಮೇಲೆ ಕಂಪ್ಯೂಟರಿಗೆ ಹಚ್ಚಿದರು.

ಹಾರ್ಮೋನಿಯಂ ದನಿ ಎದ್ದಿತು. ರಂಗದ ಮೇಲೆ ತೂಗುಬಿಟ್ಟ ಮೈಕುಗಳಾದ್ದರಿಂದ ತಬಲಾ ದೂರ, ಗಂಡುಕಂಠ ಹತ್ತಿರ. ನಾಯಕಿ ಅಳುವ ದೃಶ್ಯ. ಮಾತು ನಿಂತು, ಸಭೆಯೆಲ್ಲ ಉಸಿರು ಹಿಡಿದ ಹಾಗೆ ಒಂದು ಗಳಿಗೆ ಹಾರ್ಮೋನಿಯಂನ ಒಂದು ಸ್ವರ ಬಿಟ್ಟರೆ ಏನೂ ಕೇಳಿಸಲಿಲ್ಲ. ಆಗ ದೂರದಿಂದ ಒಂದು ಕೂಗು: ಬಿಸಿ ಮಿರ್ಚೀ, ಬಿಸಿ ಬಿಸಿ ಮಿರ್ಚೀ. ಕೂಗು ಹತ್ತಿರ ಬಂತು, ರಂಗದ ಮುಂದೆ ಹಾದು, ಮತ್ತೆ ದೂರವಾಯಿತು. ಹಾರ್ಮೋನಿಯಂ ಅದೇ ಸ್ವರ ಹಿಡಿದುಕೊಂಡೇ ಕಾದು, ಆಮೇಲೆ ಮುಂದೆ ಹೊರಟಿತು.

ಯಜಮಾನರು ಟೇಪು ನಿಲ್ಲಿಸಿದರು. ಕಂಪ್ಯೂಟರಿನ ಪರದೆಯ ಮೇಲೆ ಆ ಕೂಗಿನ ಜಾಗ ಸಣ್ಣ ಗುಡ್ಡದಂತೆ ಎದ್ದು ಕಾಣುತ್ತಿತ್ತು.

“ಇದನ್ನ ತೆಗೆದುಬಿಡ್ಲಾ? ಪದ ಸ್ವಚ್ಛ ಕೇಳಿಸ್ತದೆ” ಎಂದರು.

“ಬ್ಯಾಡ್ರಿ” ಎಂದೆ. “ಹಂಗೇ ಇರ್ಲಿ. ಇನ್ನೊಂದ್ಸಲ ಹಿಂದಕ್ಕೆ ಹಾಕ್ರಿ.”