ಕಾವೇರಿಯಿಂದ ಭೂಮಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಜಮೀನು ಕೊಂಡವರಿಗೆ ದಾಖಲೆಗಳ ಹಿಂದಿನ ಕುಸುರಿ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಕ್ರಯಪತ್ರ ನೋಂದಣಿಯ ತಂತ್ರಾಂಶ ‘ಕಾವೇರಿ’ಯಲ್ಲಿ, ಪಹಣಿ ಕಂದಾಯ ದಾಖಲೆಗಳ ‘ಭೂಮಿ’ಯಲ್ಲಿ, ಅಳತೆ ನಕ್ಷೆ ಸರ್ವೆಯ ‘ಮೋಜಿಣಿ’ಯಲ್ಲಿ. ಮೂರೂ ಬೇರೆ ದತ್ತಸಂಚಯಗಳು. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟರೆ ಮಾರುವವರ ಹೆಸರು, ವಿಸ್ತೀರ್ಣ ಭೂಮಿಯಿಂದಲೇ ಬರುತ್ತವೆ. ನೋಂದಣಿ ಮುಗಿದ ಮೇಲೆ ಅದರ ವಿವರವಿರುವ ಜೆ ಸ್ಲಿಪ್ ತಾಲ್ಲೂಕು ಕಚೇರಿಗೆ ಹೋಗಿ ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಹೆಸರು ಬದಲಾಯಿಸುವ ಕೆಲಸ, ಶುರುವಾಗುತ್ತದೆ. ಪ್ರತಿ ಕಚೇರಿಯೂ ತನ್ನದೇ ನಕಲು ಇಟ್ಟುಕೊಂಡಿದ್ದರೆ, ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಮಗನದು ಉಳಿದು ವ್ಯಾಜ್ಯವೇ ಬೆಳೆಯುತ್ತಿತ್ತು. ಮೂಲ ಇದ್ದಲ್ಲೇ ಇರಲಿ, ಕೇಳಿದಾಗ ಉತ್ತರ ಬರಲಿ ಎಂಬ ಸಂಯಮ ನನಗೆ ಬಹಳ ಇಷ್ಟ. ಹೀಗೆ ಹೊರಗಿನ ಸರ್ವರಿನ ದತ್ತಾಂಶವನ್ನು ಸ್ವಂತ ಕೋಷ್ಟಕದಂತೆ ಓದುವ ಕ್ರಮ ದತ್ತಸಂಚಯಗಳ ಭಾಷೆಯಾದ ಎಸ್‌ಕ್ಯೂಎಲ್‌ನ 2003ರ ಮಾನಕದಲ್ಲೂ ಇದೆ. ವ್ಯವಸ್ಥೆ ಹೀಗಿದ್ದರೂ, ಜಮೀನು ಕೊಂಡವರು ಪಹಣಿಯಲ್ಲಿ ತಮ್ಮ ಹೆಸರು ಬಂದಿದೆಯೇ ಎಂದು ತಪ್ಪದೆ ನೋಡಿಕೊಳ್ಳಿ.